ಒಡೀಲಿಯೆ ಬ್ರೆನೆಸ್ ಬರೆದ ಹದಿನಾಲ್ಕು ಚೀಟಿಗಳು

ಒಡೀಲಿಯೆ ಬ್ರೆನೆಸ್‌ಗೆ ತನ್ನ ಬಗ್ಗೆ ಇದ್ದ ಒಂದೇ ಜಂಬವೆಂದರೆ ಕೈಬರಹ. ಓದಿದ್ದು ಆರನೇ ತರಗತಿ. ಆದರೂ ಸನ್ಯಾಸಿನಿಯರ ಶಾಲೆಯಲ್ಲಿ ತಿದ್ದಿದ ಅಕ್ಷರಗಳು ಐವತ್ತೆರಡನೇ ವಯಸ್ಸಿನಲ್ಲೂ ಹಾಗೇ ದುಂಡಗೆ, ಒಂದನ್ನೊಂದು ತಳ್ಳದೆ, ಗೆರೆಯ ಮೇಲೆ ನೆಟ್ಟಗೆ ಕೂತಿರುತ್ತಿದ್ದವು. ಪಾರಾಯಿಸೊ ಊರಿನ ಅಂಚಿನ ಆ ಚಿಕ್ಕ ಕಾಲೇಜಿನಲ್ಲಿ ‘ಬಾಗಿಲು ಮೆಲ್ಲಗೆ ಹಾಕಿ’, ‘ಕಾಫಿ ಲೋಟ ಒಳಗೆ ತರಬೇಡಿ’, ‘ಗೋಡೆಗೆ ಕಾಗದ ಅಂಟಿಸಬೇಡಿ’ ಎಂದು ಎಲ್ಲಿ ಏನು ಬರೆದು ಅಂಟಿಸಿದ್ದರೂ ಅದು ಅವಳ ಕೈಯದೇ. ಕೊನೆಯದನ್ನು ಓದಿ ಹುಡುಗರು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಅದೇ ಕೈ ಹದಿನಾಲ್ಕು ಚೀಟಿಗಳನ್ನು ಬರೆಯಿತು; ಅವೇ ಹದಿನಾಲ್ಕು ಚೀಟಿಗಳು ಅವಳ ಹತ್ತೊಂಬತ್ತು ವರ್ಷದ ಹೆಸರನ್ನು ಒಂದು ವಾರ ನೂಲಿನ ಮೇಲೆ ತೂಗಾಡಿಸಿದವು.

ಕಾಲೇಜಿಗೆ ಅವಳು ಬಂದದ್ದು ನೆಲ ಒರೆಸಲು. ಪಾಠ ನಡೆಯುವಾಗ ಹಿಂದಿನ ಬಾಗಿಲಿನಿಂದ ಬಂದು ಕಿಟಕಿಯ ಗಾಜು ಒರೆಸುವಳು. ಒಂದೇ ಗಾಜನ್ನು ಗಂಟೆಗಟ್ಟಲೆ ಒರೆಸುವಳು. ಯಾರೂ ಅವಳಿಗೆ ಏನನ್ನೂ ಕಲಿಸಲಿಲ್ಲ, ಅವಳು ಕೇಳಿಸಿಕೊಂಡಳು. ಮೊದಲು ಪ್ರಿಂಟರಿಗೆ ರಿಬ್ಬನ್ ಹಾಕುವುದು, ಆಮೇಲೆ ಟೇಪಿನ ಮೇಲೆ ನಕಲು ಇಳಿಸುವುದು, ಆಮೇಲೆ ಕಂಪ್ಯೂಟರನ್ನು ನಡೆಸುವ ಯುನಿಕ್ಸ್‌ನ ಕಮಾಂಡುಗಳು ಒಂದೊಂದೇ ಅವಳ ನೋಟುಬುಕ್ಕಿಗೆ ಬಂದು ಸೇರಿದವು. ಹತ್ತು ವರ್ಷ ಕಳೆಯುವಷ್ಟರಲ್ಲಿ ಕಂಪ್ಯೂಟರ್ ಹಾಲಿನ ಬೀಗದ ಕೈಗಳೂ ಮೇಷ್ಟ್ರುಗಳ ಕೋಣೆಗಳ ಇನ್ನೊಂದು ಜೊತೆ ಕೈಗಳೂ ಅವಳ ಕೊರಳಿನ ದಾರಕ್ಕೆ ಬಂದವು. ಸಂಬಳದ ಕಾಗದದಲ್ಲಿ ಮಾತ್ರ ಇನ್ನೂ ‘ಸ್ವಚ್ಛತೆ’ ಎಂದೇ ಇತ್ತು. ಅದೇ ದಾರದಲ್ಲಿ, ಬೀಗದ ಕೈಗಳ ನಡುವೆ, ಕಾರ್ತಾಗೊದ ದೊಡ್ಡ ಚರ್ಚಿನ ನೆಗ್ರೀತಾ ಮಾತೆಯ ಒಂದು ತಗಡಿನ ಪದಕವೂ ಇತ್ತು. ನಡೆದರೆ ಎಲ್ಲವೂ ಸೇರಿ ಕಿಣಿಕಿಣಿ ಅನ್ನುವುದು. ಹುಡುಗರು ಆ ಸದ್ದು ಕೇಳಿದ ಕೂಡಲೇ ಮೇಜಿನಿಂದ ಕಾಲು ಇಳಿಸುತ್ತಿದ್ದರು.

ತೊಂಬತ್ತೆರಡರಲ್ಲಿ ಹಾಲಿಗೆ ಹದಿಮೂರು ಹೊಸ ಯಂತ್ರಗಳು ಬಂದವು. ಹದಿನಾಲ್ಕನೆಯದು ಮಹಡಿಯ ಮೇಲೆ ಎಲ್ಲರೂ ಗೌರವದಿಂದ ‘ದೊನ್ ಎಲಾದಿಯೊ’ ಎನ್ನುವ ಹಿರಿಯ ಪ್ರೊಫೆಸರ್ ಎಲಾದಿಯೊ ಕಿರೋಸ್ ಅವರ ಕೋಣೆಗೆ ಹೋಯಿತು. ದೊಡ್ಡ ಪರದೆ, ಅದರ ತುಂಬ ಚೌಕಚೌಕ ಕಿಟಕಿಗಳು, ಮೂಲೆಯಲ್ಲಿ ಮುಳ್ಳಿನ ಗಡಿಯಾರ. ಈ ಯಂತ್ರಗಳ ವಿಶೇಷವೇನೆಂದರೆ, ನಿಮ್ಮ ಪರದೆಯ ಮೇಲೆ ಕಿಟಕಿ ತೆರೆಯುವ ಪ್ರೋಗ್ರಾಂ ನಿಮ್ಮ ಯಂತ್ರದಲ್ಲೇ ಓಡಬೇಕೆಂದಿಲ್ಲ. ಮಹಡಿಯ ಇನ್ನೊಂದು ಕೋಣೆಯಲ್ಲಿದ್ದ, ಇಡೀ ಕಾಲೇಜಿಗೆ ಒಂದೇ ಆದ ದೊಡ್ಡ ಯಂತ್ರದಲ್ಲಿ ಓಡಿ, ತಂತಿಯ ಮೇಲೆ ಬಂದು, ನಿಮ್ಮೆದುರು ಕಿಟಕಿ ತೆರೆಯಬಹುದು. ಅಡುಗೆ ಒಂದು ಮನೆಯಲ್ಲಿ, ಬಡಿಸುವುದು ಇನ್ನೊಂದು ಮನೆಯಲ್ಲಿ. ಆದರೆ ಬಡಿಸಲು ಬಂದವನಿಗೆ ಮನೆಯವರು ಬಾಗಿಲು ತೆಗೆಯಬೇಕು. ಮೊದಲ ವಾರ ಯಾವ ಪರದೆಯೂ ಬಾಗಿಲು ತೆಗೆಯಲಿಲ್ಲ. ದೊಡ್ಡ ಯಂತ್ರದಿಂದ ಏನನ್ನು ಕರೆದರೂ ‘ಪರದೆ ತೆರೆಯಲಾಗದು’ ಎಂಬ ಒಂದೇ ಉತ್ತರ.

ಯಂತ್ರ ಕೂಡಿಸಲು ರಾಜಧಾನಿಯಿಂದ ಬಂದಿದ್ದ ತಂತ್ರಜ್ಞನಿಗೆ ಕೊನೆಯ ಬಸ್ಸು ಹಿಡಿಯುವ ಅವಸರ. ಎಕ್ಸ್‌ಹೋಸ್ಟ್ ಎಂದು ಹೊಡೆದು, ಒಂದು ಜಾಗ ಬಿಟ್ಟು, ಕೂಡಿಸುವ ಗುರುತು ಹಾಕಿದ. ಎಲ್ಲವೂ ತೆರೆದುಕೊಂಡಿತು. ಹುಡುಗರಿಗೆ ಬಂದ ಕೂಡಲೇ ಇದನ್ನೊಂದು ಹೊಡೆಯೋಕೆ ಹೇಳಿ, ಆಮೇಲೆ ತಲೆನೋವೇ ಇಲ್ಲ ಅಂದು ಚೀಲ ಹೆಗಲಿಗೇರಿಸಿದ. ಒಡೀಲಿಯೆ ಅದನ್ನು ಹದಿನಾಲ್ಕು ಚೀಟಿಗಳ ಮೇಲೆ ತನ್ನ ದುಂಡು ಅಕ್ಷರದಲ್ಲಿ ಬರೆದು, ಮೇಲೆ ಪಾರದರ್ಶಕ ಟೇಪು ಹಾಕಿ, ಪ್ರತಿ ಪರದೆಯ ಹಣೆಗೂ ಅಂಟಿಸಿದಳು. ನಾಲ್ಕು ವರ್ಷ ಆ ಕಾಲೇಜಿನ ಒಂದೊಂದು ಮಗುವೂ ಕುರ್ಚಿ ಎಳೆದು ಕೂತು, ಹಣೆಯಿಂದ ಎದೆಗೆ ಶಿಲುಬೆ ಗುರುತು ಹಾಕಿಕೊಳ್ಳುವಷ್ಟೇ ಸಹಜವಾಗಿ, ಮೊದಲು ಆ ಒಂದು ಸಾಲು ಹೊಡೆಯುತ್ತಿತ್ತು. ಪ್ರೊಫೆಸರ್ ಎಲಾದಿಯೊ ಕೂಡ.

ತೊಂಬತ್ತಾರರ ಜೂನ್ ತಿಂಗಳ ಒಂದು ಸೋಮವಾರ, ದೊನ್ ಎಲಾದಿಯೊ ಚರ್ಚಿನ ಉದ್ಯಾನದ ಎದುರಿನ ಜೆರಾಕ್ಸ್ ಅಂಗಡಿಗೆ ಯಾವುದೋ ಕಾಗದ ಹಿಡಿದು ಹೋದರು. ಮುಚ್ಚಳ ಎತ್ತಿದರೆ ಗಾಜಿನ ಮೇಲೆ ಯಾರೋ ಮರೆತುಹೋಗಿದ್ದ ಒಂದು ಹಾಳೆ. ತಿರುಗಿಸಿ ನೋಡಿದರು. ಬುಧವಾರ ತಾವು ಕೊಡಬೇಕಿದ್ದ ಪ್ರಶ್ನೆಪತ್ರಿಕೆ. ಅದನ್ನು ಅವರು ಇನ್ನೂ ಪ್ರಿಂಟ್ ಕೂಡ ಮಾಡಿರಲಿಲ್ಲ.

ಮಧ್ಯಾಹ್ನ ಒಡೀಲಿಯೆಯನ್ನು ಕಾಲೇಜಿನ ಮುಖ್ಯಸ್ಥೆ ದೊನ್ಯಾ ಗ್ರೆತೆಲ್ ಮಾದ್ರಿಸ್ ಕರೆಸಿದರು. ಪತ್ರಿಕೆ ಇದ್ದದ್ದು ದೊನ್ ಎಲಾದಿಯೊ ಅವರ ಯಂತ್ರದಲ್ಲಿ. ಯಂತ್ರ ಇದ್ದದ್ದು ಬೀಗ ಹಾಕಿದ ಕೋಣೆಯಲ್ಲಿ. ಆ ಬೀಗಕ್ಕೆ ಎರಡೇ ಕೈ: ಒಂದು ಅವರದು, ಇನ್ನೊಂದು ಒಡೀಲಿಯೆಯ ಕೊರಳಲ್ಲಿ. ಮತ್ತು ನೆಲ ಒರೆಸುವ ಬೇರೆ ಯಾರಿಗೂ ಯುನಿಕ್ಸ್ ಬಾರದು; ಅವಳಿಗೆ ಬರುತ್ತದೆಂದು ಇಡೀ ಕಾಲೇಜಿಗೆ ಗೊತ್ತು. ಯಾರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಮುಖ್ಯಸ್ಥೆ ನ್ಯಾಯವಂತ ಹೆಂಗಸು, ಮಾತನ್ನು ಅಳೆದು ಆಡುವವರು.

“ಯಾರೂ ನಿಮ್ಮನ್ನ ಏನೂ ಅಂತಿಲ್ಲ, ದೊನ್ಯಾ ಒಡೀಲಿಯೆ. ಶುಕ್ರವಾರ ಸಮಿತಿ ಕೂರುತ್ತೆ. ಅಲ್ಲೀವರೆಗೂ ಬೀಗದ ಕೈ ನನ್ನ ಹತ್ರ ಇರಲಿ.”

ಅವಳು ಅಲ್ಲೇ ಕೂತಿದ್ದ ದೊನ್ ಎಲಾದಿಯೊ ಅವರ ಕಡೆ ನೋಡಿದಳು. ಹತ್ತೊಂಬತ್ತು ವರ್ಷ ಅವರಿಗೆ ದಿನಕ್ಕೆರಡು ಬಾರಿ ಕಾಫಿ ಕೊಟ್ಟವಳು. ಅವರು ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದನ್ನು ನೋಡುತ್ತಿದ್ದರು. ಅಲ್ಲಿ ಸೀಮೆಬದನೆ ಚಪ್ಪರ ಬಿಟ್ಟು ಏನೂ ಇರಲಿಲ್ಲ. ಅವಳು ದಾರ ಬಿಚ್ಚಿ, ಪದಕ ಮಾತ್ರ ತೆಗೆದುಕೊಂಡು, ಬೀಗದ ಕೈಗಳನ್ನು ಮೇಜಿನ ಮೇಲಿಟ್ಟಳು. ಸಮಿತಿ ಅವಳನ್ನು ಕಳ್ಳಿ ಎಂದುಬಿಟ್ಟರೆ ಕೆಲಸ ಹೋಗುವುದು ಒಂದು ಕಡೆ. ಪಾರಾಯಿಸೊದಂಥ ಊರಲ್ಲಿ ಆಮೇಲೆ ಚರ್ಚಿನ ಯಾವ ಬೆಂಚಿನಲ್ಲಿ ಹೋಗಿ ಕೂರುವುದು ಎಂಬುದು ಅವಳ ಚಿಂತೆ.

ಮನೆಯಲ್ಲಿ ಗಂಡ ಒವೀದಿಯೊ, ಪಾರಾಯಿಸೊ–ಕಾರ್ತಾಗೊ ಬಸ್ಸಿನ ಡ್ರೈವರು, ಬೆಲ್ಲದ ನೀರು ಕುಡಿಯುತ್ತ ಎಲ್ಲವನ್ನೂ ಕೇಳಿದ.

“ಪ್ರಶ್ನೆಪತ್ರಿಕೆ ಕದ್ದು ನೀನೇನು ಪರೀಕ್ಷೆ ಬರೀತೀಯಾ?” ಎಂದ.

“ಬರೆದರೆ ಪಾಸಾಗ್ತೀನಿ,” ಎಂದಳು. ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಅವಳು ಒಳಗೆ ಹೋಗಿ ನೆಗ್ರೀತಾ ಮಾತೆಯನ್ನು ನೆನೆದು ಸ್ವಲ್ಪ ಹೊತ್ತು ಮಂಡಿಯೂರಿದಳು. ಕಳ್ಳನನ್ನು ತೋರಿಸು ಎಂದು ಅವಳು ಬೇಡಲಿಲ್ಲ. ಅದು ತಾಯಿಗೆ ಹೇಳುವ ಕೆಲಸವಲ್ಲ ಅನಿಸಿತು. ನಾಳೆಯೂ ನಾಳಿದ್ದೂ ಸಿಟ್ಟಾಗದೆ ಕೇಳಿಸಿಕೊಳ್ಳುವ ತಾಳ್ಮೆ ಕೊಡು ಎಂದಷ್ಟೇ ಬೇಡಿದಳು.

ಮಂಗಳವಾರ ಮುಖ್ಯಸ್ಥೆಯ ಬಳಿ ಹೋಗಿ, ಆ ಹಾಳೆಯನ್ನು ಒಮ್ಮೆ ನೋಡಬಹುದೇ ಎಂದು ಕೇಳಿದಳು. ಅವರು ಅದರ ಒಂದು ಪ್ರತಿ ಕೊಟ್ಟರು. ಎಲ್ಲರೂ ಆ ಹಾಳೆಯ ನಡುವಿನ ಪ್ರಶ್ನೆಗಳನ್ನು ನೋಡಿದ್ದರು. ಒಡೀಲಿಯೆ ಜೀವಮಾನವಿಡೀ ಧೂಳು ಒರೆಸಿದವಳು. ಧೂಳು ಕೂರುವುದು ಅಂಚಿನಲ್ಲಿ, ಅವಳ ಕಣ್ಣು ಅಂಚಿಗೇ ಹೋಯಿತು. ಪ್ರಶ್ನೆಗಳ ಸುತ್ತ ಒಂದು ಕಪ್ಪು ಚೌಕಟ್ಟಿತ್ತು. ಪ್ರಿಂಟ್ ಮಾಡಿದ ಪತ್ರಿಕೆಗೆ ಚೌಕಟ್ಟು ಇರುವುದಿಲ್ಲ. ಪರದೆಯ ಮೇಲಿನ ಕಿಟಕಿಗೆ ಇರುತ್ತದೆ. ಮೇಲಿನ ಮೂಲೆಯಲ್ಲಿ ಮುಳ್ಳಿನ ಗಡಿಯಾರ, ಹತ್ತೂ ಇಪ್ಪತ್ತು. ಕೆಳಗಿನ ಎಡಮೂಲೆಯಲ್ಲಿ, ಚೌಕಟ್ಟಿನ ಹೊರಗೆ, ಕೂದಲಿನಷ್ಟು ಸಣ್ಣ ಮೂರು ಗೀರುಗಳು. ಜೆರಾಕ್ಸಿನ ಕೊಳೆ ಎಂದು ಎಲ್ಲರೂ ಬಿಟ್ಟಿದ್ದರು. ಅವಳು ಕನ್ನಡಕ ಏರಿಸಿ ನೋಡಿದಳು. ಕೊಳೆಯಲ್ಲ. ಕಾಲು.

ಅವಳಿಗೆ ಆ ಕಾಲಿನ ಪರಿಚಯವಿತ್ತು. ಒಂದು ತಿಂಗಳಿಂದ ಹಾಲಿನಲ್ಲಿ ಹುಡುಗರದು ಒಂದು ಹೊಸ ಆಟ. ಯಾರದೋ ಪರದೆಯ ಮೇಲೆ ಜಿರಳೆ ಬಿಡುವುದು. ನಿಜದ್ದಲ್ಲ, ಚಿತ್ರದ ಜಿರಳೆ. ಅವು ಕಿಟಕಿಗಳ ಅಡಿಯಲ್ಲಿ ಅವಿತಿರುತ್ತವೆ. ಕಿಟಕಿಯನ್ನು ಪಕ್ಕಕ್ಕೆ ಎಳೆದರೆ ಬೆಳಕಿಗೆ ಬೆದರಿದ ಹಾಗೆ ದಿಕ್ಕಾಪಾಲಾಗಿ ಓಡುತ್ತವೆ. ಹಿಂದಿನ ಗುರುವಾರ ದೊನ್ ಎಲಾದಿಯೊ ಮಹಡಿಯಿಂದ ದಡದಡ ಇಳಿದು ಬಂದು, ನನ್ನ ಪರದೆಗೂ ಜಿರಳೆ ಬಿಟ್ಟವನು ಯಾರು ಎಂದು ಹಾಲಿನ ನಡುವೆ ನಿಂತು ಗುಡುಗಿದ್ದರು. ಅವಳು ನಗು ತಡೆಯಲಾಗದೆ ಬೀರುವಿನ ಹಿಂದೆ ಹೋಗಿದ್ದಳು.

ಮೂರನೇ ವರ್ಷದ ಯೊರ್ಲೆನಿ ಸನಾಬ್ರಿಯಾ ಒಬ್ಬಳೇ ಹಾಲಿನಲ್ಲಿ ಕೂತಿದ್ದಳು. ಬಾಯಿ ಜೋರಿನ, ಕೈ ಚುರುಕಿನ ಹುಡುಗಿ. ಪ್ರಶ್ನೆ ಇದ್ದರೆ ಪ್ರೊಫೆಸರಿಗಿಂತ ಮೊದಲು ಒಡೀಲಿಯೆಯನ್ನೇ ಕೇಳುವವಳು. ಒಡೀಲಿಯೆ ಅವಳ ಪಕ್ಕ ಕುರ್ಚಿ ಎಳೆದು ಕೂತಳು.

“ಮಗಳೇ, ಈ ಜಿರಳೆ ಇನ್ನೊಬ್ಬರ ಪರದೆಗೆ ಹೋಗೋದು ಹೇಗೆ?”

“ಇಲ್ಲಿಂದಲೇ ಬಿಡೋದು. ಯಾವ ಪರದೆಗೆ ಅಂತ ಹೆಸರು ಹೇಳಿದ್ರೆ ಸಾಕು.”

“ಪಾಸ್‌ವರ್ಡ್ ಕೇಳಲ್ವಾ?”

ಯೊರ್ಲೆನಿ ಅವಳ ಮುಖವನ್ನೇ ನೋಡಿದಳು, ಇವರು ತಮಾಷೆ ಮಾಡುತ್ತಿಲ್ಲ ತಾನೇ ಎಂಬಂತೆ. ಆಮೇಲೆ ಮೆಲ್ಲಗೆ ಪರದೆಯ ಹಣೆಯ ಚೀಟಿಯನ್ನು ತೋರಿಸಿದಳು.

“ಯಾರನ್ನೂ ಏನೂ ಕೇಳಬೇಡ ಅಂತ ಯಂತ್ರಕ್ಕೆ ನೀವೇ ಬರೆದಿದೀರಲ್ಲ, ದೊನ್ಯಾ ಒಡೀಲಿಯೆ.”

ಒಡೀಲಿಯೆ ತನ್ನದೇ ಅಕ್ಷರಗಳನ್ನು ಇನ್ನೊಮ್ಮೆ ಓದಿಕೊಂಡಳು. ಜಿರಳೆ ಬಿಡೋದು ಬಿಟ್ಟು ಇನ್ನೇನು ಮಾಡಬಹುದು ಎಂದು ಕೇಳಿದಳು. ಹುಡುಗಿ ಹೇಳುತ್ತ ಹೋದಳು: ಆ ಪರದೆಯ ಚಿತ್ರ ತೆಗೆಯಬಹುದು, ಅಲ್ಲಿ ಯಾರು ಯಾವ ಕೀ ಒತ್ತಿದರೂ ಇಲ್ಲಿ ಬರೆದುಕೊಳ್ಳಬಹುದು, ಪಾಸ್‌ವರ್ಡ್ ಕೂಡ. ತಾನು ಗೆಳತಿಯರಿಗೆ ಜಿರಳೆ ಬಿಟ್ಟದ್ದಷ್ಟೇ, ನೆಗ್ರೀತಾ ಆಣೆ. ದೊನ್ ಎಲಾದಿಯೊಗೆ ಬಿಟ್ಟವರು ಯಾರೆಂದು ಗೊತ್ತು, ಬೇಕಾದರೆ ಹೆಸರು ಹೇಳುತ್ತೇನೆ ಅಂದಳು.

“ಬೇಡ,” ಎಂದಳು ಒಡೀಲಿಯೆ. “ಹೆಸರು ಹೇಳೋದು ಅವರವರ ಕೆಲಸ. ನನಗೆ ಬಾಗಿಲು ತೋರಿಸು ಸಾಕು.”

ಆ ಸಂಜೆ ಮನೆಯ ಗೇಟಿನ ಹೊರಗಿಂದ ಪಕ್ಕದ ಮನೆಯ ಹೆಂಗಸು ‘ಉಪೆ’ ಎಂದು ಕೂಗಿದಳು. ಗೇಟಿಗೆ ಬೀಗವಿರಲಿಲ್ಲ. ಮೂವತ್ತು ವರ್ಷದಿಂದ ಆ ಗೇಟಿಗೆ ಬೀಗವಿಲ್ಲ, ಮೂವತ್ತು ವರ್ಷದಿಂದ ಆಕೆ ಹೊರಗೆ ನಿಂತು ಕೂಗಿ, ‘ಬನ್ನಿ’ ಎಂಬ ದನಿ ಕೇಳುವವರೆಗೂ ಒಂದು ಹೆಜ್ಜೆ ಇಟ್ಟವಳಲ್ಲ. ಹಿಂದೆ ಜನ ಗ್ವಾದಲೂಪೆ ಮಾತೆಯ ಹೆಸರನ್ನೇ ಪೂರ್ತಿ ಕೂಗುತ್ತಿದ್ದರು, ಸವೆದು ಸವೆದು ಇಷ್ಟು ಉಳಿದಿದೆ ಎಂದು ಒಡೀಲಿಯೆಯ ಅಜ್ಜಿ ಹೇಳುತ್ತಿದ್ದಳು. ಒಡೀಲಿಯೆ ಕೈಯಲ್ಲಿದ್ದ ತಟ್ಟೆಯನ್ನು ಹಾಗೇ ಹಿಡಿದು ನಿಂತಳು. ಬಾಗಿಲು ತೆರೆದದ್ದಷ್ಟೇ ಅಲ್ಲ ತಾನು ಮಾಡಿದ್ದು. ಬಂದವರು ಕೂಗಬೇಕು ಎಂಬುದನ್ನೇ ಅಳಿಸಿಹಾಕಿದ್ದು. ಅದೂ ತನ್ನ ಚೆಂದದ ಅಕ್ಷರದಲ್ಲಿ, ಹದಿನಾಲ್ಕು ಸಲ.

ಪತ್ರಿಕೆ ಸೋರಿದ್ದರಿಂದ ಬುಧವಾರದ ಪರೀಕ್ಷೆ ನಿಂತುಹೋಗಿತ್ತು, ಕಂಪ್ಯೂಟರ್ ಹಾಲಿನಲ್ಲಿ ಜನವಿರಲಿಲ್ಲ. ಅವಳು ಯಂತ್ರದ ಒಳಗೇ ಇದ್ದ ಕೈಪಿಡಿಯನ್ನು ತೆರೆದು, ಮಡಿಲಲ್ಲಿ ಇಂಗ್ಲಿಷಿನ ನಿಘಂಟು ಇಟ್ಟುಕೊಂಡು ಕೂತಳು. ಒಂದೊಂದು ಪುಟಕ್ಕೆ ಒಂದೊಂದು ಗಂಟೆ. ಕೂಡಿಸುವ ಗುರುತಿಗೆ ಅರ್ಥ ‘ಎಲ್ಲರೂ ಬರಬಹುದು’ ಎಂದು ಮೊದಲ ಪುಟದಲ್ಲೇ ಇತ್ತು. ಕಳೆಯುವ ಗುರುತು ಹಾಕಿದರೆ ಬಾಗಿಲು ಮುಚ್ಚುತ್ತದೆ ಎಂದೂ ಇತ್ತು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಆ ಪುಟ ತೆರೆಯದಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಬಾಗಿಲು ಮುಚ್ಚಿ, ಮಹಡಿಯ ದೊಡ್ಡ ಯಂತ್ರದ ಹೆಸರೊಂದನ್ನು ಮಾತ್ರ ಪಟ್ಟಿಗೆ ಸೇರಿಸಿದಳು. ಅಲ್ಲಿಂದ ತಾನೇ ಎಲ್ಲರಿಗೂ ಅಡುಗೆ ಬರಬೇಕಾದ್ದು. ಯೊರ್ಲೆನಿಯನ್ನು ಕರೆದು, ಈಗ ಬಿಡು ನೋಡೋಣ ಜಿರಳೆ ಎಂದಳು.

ಹುಡುಗಿ ಎರಡು ನಿಮಿಷ ಯೋಚಿಸಿ, ದೊಡ್ಡ ಯಂತ್ರಕ್ಕೆ ಲಾಗಿನ್ ಆಗಿ, ಅಲ್ಲಿಂದ ಬಿಟ್ಟಳು. ಒಡೀಲಿಯೆಯ ಪರದೆಯ ಮೇಲೆ ಆರು ಜಿರಳೆ.

“ಆ ಮನೇಲಿ ನಾವೆಲ್ಲ ಬಾಡಿಗೆಗೆ ಇದೀವಲ್ಲ,” ಎಂದು ನಕ್ಕಳು. “ಮನೆ ಹೆಸರು ಕೇಳಿ ಬಿಟ್ಟರೆ ಮನೇಲಿರೋರೆಲ್ಲ ಬಂದರು.”

ಅದು ನಿಜವೆಂದು ಒಡೀಲಿಯೆ ಒಪ್ಪಿಕೊಂಡು ಮುಂದಿನ ಪುಟ ತೆರೆದಳು. ಗುರುವಾರ ಮಧ್ಯಾಹ್ನದ ಹೊತ್ತಿಗೆ, ಡಬ್ಬಿಯ ಅನ್ನ ಮತ್ತು ಹುರುಳಿ ಆರಿ ತಣ್ಣಗಾದ ಮೇಲೆ, ಎಕ್ಸ್‌ಆಥ್ ಎಂಬ ಇನ್ನೊಂದು ಹೆಸರಿನ ಬೆನ್ನು ಹತ್ತಿ ಹೋದವಳಿಗೆ ಅವಳು ಹುಡುಕುತ್ತಿದ್ದದ್ದು ಸಿಕ್ಕಿತು. ಯಂತ್ರದ ಹೆಸರು ಕೇಳಬೇಕಾಗಿಲ್ಲ. ಯಾರಾದರೂ ಕೂತು ಲಾಗಿನ್ ಆದ ಕೂಡಲೇ ಯಂತ್ರ ಮೂವತ್ತೆರಡು ಅಕ್ಷರದ ಒಂದು ಗುಟ್ಟನ್ನು ಹೊಸದಾಗಿ ಹುಟ್ಟಿಸಿ, ಅದನ್ನು ಆ ಮನುಷ್ಯನ ಸ್ವಂತ ಕಡತಗಳ ನಡುವೆ, ಅವನೊಬ್ಬನೇ ಓದಬಹುದಾದ ಜಾಗದಲ್ಲಿ ಇಡುತ್ತದೆ. ಯಾವ ಪ್ರೋಗ್ರಾಂ ಬಂದರೂ ಆ ಗುಟ್ಟನ್ನು ತೋರಿಸಬೇಕು. ತೋರಿಸಿದರೆ ಕಿಟಕಿ, ಇಲ್ಲವಾದರೆ ಇಲ್ಲ. ಎದ್ದುಹೋಗಿ ಮತ್ತೆ ಬಂದು ಕೂತರೆ ಹೊಸ ಗುಟ್ಟು. ಹಾಲಿನ ಯಂತ್ರದಲ್ಲೂ ಮಹಡಿಯ ಯಂತ್ರದಲ್ಲೂ ಒಬ್ಬನ ಕಡತಗಳು ಒಂದೇ ಆಗಿದ್ದರಿಂದ, ಅಲ್ಲಿ ಓಡುವ ಅವನ ಪ್ರೋಗ್ರಾಮಿಗೂ ಗುಟ್ಟು ತಾನಾಗಿ ಸಿಗುತ್ತಿತ್ತು. ಲಾಗಿನ್ ಪರದೆಯ ಒಂದು ಕಡತದಲ್ಲಿ ಒಂದು ಸಾಲು ತಿದ್ದಿದರೆ ಆಗಿಹೋಗುತ್ತಿತ್ತು. ಬಸ್ಸಿಗೆ ಅವಸರವಿದ್ದ ಆ ಮನುಷ್ಯ ಅದೊಂದನ್ನು ತಿದ್ದಿಹೋಗಿದ್ದರೆ ಚೀಟಿಯ ಅಗತ್ಯವೇ ಇರಲಿಲ್ಲ.

ತಾನು ಕೂತಿದ್ದ ಯಂತ್ರದಲ್ಲಿ ಅವಳು ಅದನ್ನು ತಿದ್ದಿದಳು. ಯೊರ್ಲೆನಿ ಹಾಲಿನ ಬೇರೆ ಯಂತ್ರದಿಂದ ಪ್ರಯತ್ನಿಸಿದಳು, ದೊಡ್ಡ ಯಂತ್ರದಿಂದ ಪ್ರಯತ್ನಿಸಿದಳು, ತುಟಿ ಕಚ್ಚಿಕೊಂಡು ಅರ್ಧ ಗಂಟೆ ಪ್ರಯತ್ನಿಸಿದಳು. ಒಂದು ಜಿರಳೆಯೂ ಬರಲಿಲ್ಲ. ಕೊನೆಗೆ ಹುಡುಗಿ ಕೈ ಚೆಲ್ಲಿದಾಗ ಒಡೀಲಿಯೆ ಆರಿದ ಅನ್ನವನ್ನು ಇಬ್ಬರಿಗೂ ಹಂಚಿದಳು. ಅಷ್ಟು ರುಚಿಯಾದ ಊಟ ಆ ವಾರ ಅವಳು ಮಾಡಿರಲಿಲ್ಲ.

ಶುಕ್ರವಾರ ಅವಳು ಚರ್ಚಿಗೆಂದು ಎತ್ತಿಟ್ಟ ರವಿಕೆ ತೊಟ್ಟು ಹೋದಳು. ಸಮಿತಿಯಲ್ಲಿ ಮುಖ್ಯಸ್ಥೆ, ದೊನ್ ಎಲಾದಿಯೊ, ಇನ್ನಿಬ್ಬರು ಪ್ರೊಫೆಸರುಗಳು. ಸಭೆಯನ್ನು ಕೆಳಗೆ ಹಾಲಿನಲ್ಲೇ ನಡೆಸಬಹುದೇ ಎಂದು ಅವಳು ಕೇಳಿಕೊಂಡಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಇಳಿದು ಬಂದರು. ಅವಳು ಒಂದನೇ ನಂಬರಿನ ಪರದೆಯ ಹಣೆಯಿಂದ ಚೀಟಿಯನ್ನು ಕಿತ್ತು ಮೇಜಿನ ಮೇಲಿಟ್ಟಳು.

“ಇದನ್ನ ಬರೆದೋಳು ನಾನು,” ಎಂದಳು. “ಮೊದಲು ಅದನ್ನ ಹೇಳಿಬಿಡ್ತೀನಿ. ಪತ್ರಿಕೆ ನಾನು ಕದ್ದಿಲ್ಲ. ಆದರೆ ಕದಿಯೋರಿಗೆ ಬಾಗಿಲು ತೆಗೆದುಕೊಟ್ಟೋಳು ನಾನೇ.”

ಆಮೇಲೆ ದೊನ್ ಎಲಾದಿಯೊ ಅವರನ್ನು ಮೇಲೆ ಹೋಗಿ, ಎಂದಿನಂತೆ ಚೀಟಿಯ ಸಾಲು ಹೊಡೆದು, ಒಳಗಿಂದ ಚಿಲಕ ಹಾಕಿಕೊಂಡು, ಈ ಲೋಕದಲ್ಲಿ ತಮ್ಮೊಬ್ಬರಿಗೇ ಗೊತ್ತಿರುವ ಒಂದು ಮಾತನ್ನು ಪರದೆಯ ಮೇಲೆ ಬರೆಯಿರಿ ಎಂದು ಕೇಳಿಕೊಂಡಳು. ಅವರು ಗಡ್ಡ ತುರಿಸಿಕೊಂಡು, ಇದೇನು ಜಾತ್ರೆಯ ಜಾದೂ ಆಯಿತಲ್ಲ ಎಂದು ಗೊಣಗುತ್ತ ಮೆಟ್ಟಿಲು ಹತ್ತಿದರು. ಮೇಲೆ ಚಿಲಕದ ಸದ್ದಾಯಿತು. ಐದು ನಿಮಿಷ ಬಿಟ್ಟು ಒಡೀಲಿಯೆ ತಾನು ಕೀಬೋರ್ಡನ್ನು ಮುಟ್ಟದೆ, ಒಂದು ಕಮಾಂಡನ್ನು ಮುಖ್ಯಸ್ಥೆಗೆ ಅಕ್ಷರ ಅಕ್ಷರವಾಗಿ ಹೇಳಿ ಹೊಡೆಸಿದಳು. ಪರದೆ ಒಂದು ಕ್ಷಣ ತಡೆಯಿತು. ಆಮೇಲೆ ದೊನ್ ಎಲಾದಿಯೊ ಅವರ ಇಡೀ ಪರದೆ, ಗಡಿಯಾರದ ಸಮೇತ, ಎಲ್ಲರ ಕಣ್ಣೆದುರು ಹರಡಿತು. ನಡುವಿನ ಕಿಟಕಿಯಲ್ಲಿ ಎರಡು ಸಾಲು. ದೊನ್ಯಾ ಗ್ರೆತೆಲ್ ಚರ್ಚಿನಲ್ಲಿ ಪಾಠ ಓದುವ ದನಿಯಲ್ಲಿ ಅದನ್ನು ಓದಿದರು:

“ತೊಂಬತ್ತಮೂರರಲ್ಲಿ ನಾಲ್ಕನೇ ನಂಬರಿನ ಕೀಬೋರ್ಡ್ ಮೇಲೆ ಕಾಫಿ ಚೆಲ್ಲಿದವನು ನಾನು. ಹುಡುಗರು ಚೆಲ್ಲಿದರು ಎಂದದ್ದು ಸುಳ್ಳು.”

ಇಬ್ಬರು ಪ್ರೊಫೆಸರುಗಳಲ್ಲಿ ಒಬ್ಬರಿಗೆ ಕೆಮ್ಮು ಬಂತು. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ದೊನ್ ಎಲಾದಿಯೊ ಇಳಿದು ಬಂದರು. ಏನು ಬಂತು ಎಂದು ಕೇಳಿದರು.

“ನಾಲ್ಕನೇ ನಂಬರು,” ಎಂದರು ಮುಖ್ಯಸ್ಥೆ.

ಅವರ ಕಿವಿ ಕೆಂಪಾಯಿತು. ಒಡೀಲಿಯೆಯ ಕಡೆ ತಿರುಗಿ ಏನೋ ಹೇಳಲು ಹೋದರು.

“ನನಗೆ ಆವತ್ತೇ ಗೊತ್ತಿತ್ತು, ದೊನ್ ಎಲಾದಿಯೊ,” ಎಂದಳು ಅವಳು. “ಮೂರು ದಿನ ಕೂತು ಒಂದೊಂದು ಕೀ ಬಿಚ್ಚಿ ತೊಳೆದೋಳು ನಾನಲ್ವಾ. ಒಂದೂ ಅಂಟಿರಲಿಲ್ಲ. ಈ ಕಟ್ಟಡದಲ್ಲಿ ಸಕ್ಕರೆ ಇಲ್ಲದ ಕಾಫಿ ಕುಡಿಯೋರು ನೀವೊಬ್ರೇ.”

ಕೆಮ್ಮುತ್ತಿದ್ದ ಪ್ರೊಫೆಸರು ಸಾವರಿಸಿಕೊಂಡು, ಹೊರಗಿಂದ ಕದಿಯಬಹುದು ಎಂಬುದು ಇದರಿಂದ ಗೊತ್ತಾಯಿತು, ಆದರೆ ಇವರು ಒಳಗೆ ಹೋಗಿ ಕದಿಯಲಿಲ್ಲ ಎಂಬುದಕ್ಕೆ ಏನು ಆಧಾರ ಎಂದು ಕೇಳಿದರು. ಕೇಳಬೇಕಾದ ಮಾತೇ ಅದು, ಒಡೀಲಿಯೆ ಬೇಸರಪಡಲಿಲ್ಲ. ಹಾಳೆಯನ್ನು ಮೇಜಿನ ಮೇಲೆ ಹರಡಿ, ಮೂಲೆಯಲ್ಲಿದ್ದ ಮೂರು ಗೀರುಗಳ ಪಕ್ಕ ಬೆರಳಿಟ್ಟಳು. ಕನ್ನಡಕಗಳು ಒಂದೊಂದಾಗಿ ಬಗ್ಗಿದವು.

“ಜಿರಳೆ,” ಎಂದರು ದೊನ್ ಎಲಾದಿಯೊ, ನಿಧಾನವಾಗಿ. “ಗುರುವಾರದ ಜಿರಳೆ.”

“ಈಗ ಐದನೇ ಪ್ರಶ್ನೆ ನೋಡಿ.”

ಐದನೇ ಪ್ರಶ್ನೆ ‘ಈ ಕೆಳಗಿನವುಗಳಲ್ಲಿ’ ಎಂಬಲ್ಲಿಗೆ ನಿಂತಿತ್ತು. ಅದರ ಮುಂದೆ, ಅಕ್ಷರ ಎಲ್ಲಿ ಬರಬೇಕೋ ಅಲ್ಲಿ, ಒಂದು ಚಿಕ್ಕ ಕಪ್ಪು ಚೌಕ. ಬರೆಯುತ್ತಿರುವ ಕೈ ಎಲ್ಲಿದೆ ಎಂದು ತೋರಿಸುವ ಗುರುತು. ಗಡಿಯಾರದಲ್ಲಿ ಹತ್ತೂ ಇಪ್ಪತ್ತು. ಗುರುವಾರ ಹತ್ತೂ ಇಪ್ಪತ್ತಕ್ಕೆ ಆ ಪ್ರಶ್ನೆಯನ್ನು ಬರೆಯುತ್ತ ಆ ಕುರ್ಚಿಯ ಮೇಲೆ ಕೂತಿದ್ದವರು ಯಾರು ಎಂದು ಅವಳು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ. ದೊನ್ ಎಲಾದಿಯೊ ಆ ಕಪ್ಪು ಚೌಕವನ್ನೇ ನೋಡುತ್ತಿದ್ದರು. ಆಮೇಲೆ ಕಿಟಕಿಯಾಚೆ ನೋಡದೆ, ನೇರವಾಗಿ ಅವಳ ಮುಖ ನೋಡಿದರು.

“ನಾನೇ ಕೂತಿದ್ದೆ,” ಎಂದರು. “ಕದ್ದವನು ನನ್ನ ಭುಜದ ಮೇಲಿಂದ ನೋಡ್ತಿದ್ದ. ನಾನು ನಿಮ್ಮನ್ನ ಅನುಮಾನಿಸಿದೆ. ಕ್ಷಮಿಸಿ, ದೊನ್ಯಾ ಒಡೀಲಿಯೆ.”

ಮುಖ್ಯಸ್ಥೆ, ಇದನ್ನು ಮುಚ್ಚುವುದು ಹೇಗೆ, ಯಾರನ್ನು ಕರೆಸಬೇಕು ಎಂದು ಕೇಳಿದರು. ಯಾರನ್ನೂ ಕರೆಸಬೇಕಾಗಿಲ್ಲ, ಅಪ್ಪಣೆ ಕೊಟ್ಟರೆ ಈಗಲೇ ಮುಚ್ಚುತ್ತೇನೆ ಎಂದಳು ಒಡೀಲಿಯೆ. ದೊನ್ ಎಲಾದಿಯೊ ಅವರ ಜೊತೆ ಮೇಲೆ ಹೋಗಿ, ಅವರ ಯಂತ್ರದ ಕಡತದಲ್ಲಿ ಆ ಒಂದು ಸಾಲು ತಿದ್ದಿ, ಅವರನ್ನು ಹೊಸದಾಗಿ ಲಾಗಿನ್ ಮಾಡಿಸಿ ಇಳಿದು ಬಂದಳು. ಈ ಸಲ ಅವರು ಚೀಟಿಯ ಸಾಲು ಹೊಡೆಯಲಿಲ್ಲ. ಮುಖ್ಯಸ್ಥೆ ಅದೇ ಕಮಾಂಡನ್ನು ಮತ್ತೊಮ್ಮೆ ತಮ್ಮ ಕೈಯಾರೆ ಹೊಡೆದರು. ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು ಬಂದು ನಿಂತಿತು, ಚಿತ್ರ ಬರಲಿಲ್ಲ. ಇನ್ನೊಮ್ಮೆ ಹೊಡೆದರು. ಮತ್ತೆ ಅದೇ ಸಾಲು.

“ಇದೇನು ಹೇಳುತ್ತೆ?”

“ನಿಮಗೆ ಒಳಗೆ ಬರೋ ಅನುಮತಿ ಇಲ್ಲ ಅನ್ನುತ್ತೆ,” ಎಂದಳು ಒಡೀಲಿಯೆ. “ಗೇಟಿನ ಹೊರಗೇ ನಿಂತ್ಕೊಳ್ಳಿ ಅಂತ.”

ಕಾಲೇಜಿನ ಮುಖ್ಯಸ್ಥೆಯನ್ನೇ ಹೊರಗೆ ನಿಲ್ಲಿಸಿದ ಯಂತ್ರವನ್ನು ದೊನ್ಯಾ ಗ್ರೆತೆಲ್ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, ಅವಳು ಆ ಮುಖದಲ್ಲಿ ಎಂದೂ ಕಾಣದಷ್ಟು ಅಗಲವಾಗಿ ನಕ್ಕರು. ಕೈಚೀಲ ತೆರೆದು ಬೀಗದ ಕೈಗಳ ಗೊಂಚಲನ್ನು ತೆಗೆದು, ಮೇಜಿನ ಮೇಲಿಡದೆ, ಎದ್ದು ನಿಂತು ಅವಳ ಕೈಗೇ ಕೊಟ್ಟರು. ಚೀಟಿ ಬರೆದ ತಪ್ಪಿಗೆ ಏನು ಮಾಡಬೇಕು ಎಂಬ ಮಾತೂ ಬಂತು. ಕೈಪಿಡಿ ಓದದೆ ಬರೆದ ತಪ್ಪು ತನ್ನದು, ಓದಿ ಮತ್ತೆ ಬರೆಯುತ್ತೇನೆ ಎಂದು ಅವಳೇ ಹೇಳಿದಳು. ಅವಳ ಶಿಕ್ಷೆಯನ್ನು ಅವಳೇ ಬರೆದುಕೊಂಡಳು ಎಂದು ಸಮಿತಿ ಎದ್ದಿತು.

ಸೋಮವಾರ ಬೆಳಿಗ್ಗೆ ಮುಖ್ಯಸ್ಥೆಯ ಕೋಣೆಯ ಮುಂದೆ ಇಬ್ಬರು ಹುಡುಗರು ತಲೆ ಬಗ್ಗಿಸಿ ನಿಂತಿದ್ದರು. ಯಾರೂ ಅವರನ್ನು ಕರೆಸಿರಲಿಲ್ಲ. ಅವರಿಗೆ ಆದದ್ದು ಆಯಿತು. ಒಡೀಲಿಯೆ ಅದರ ಬಗ್ಗೆ ಯಾರನ್ನೂ ಏನೂ ಕೇಳಲಿಲ್ಲ. ಪರೀಕ್ಷೆ ಹೊಸ ಪತ್ರಿಕೆಯೊಂದಿಗೆ ಮುಂದಿನ ವಾರ ನಡೆಯಿತು. ಯೊರ್ಲೆನಿಗೆ ತೊಂಬತ್ತೆರಡು ಬಂತು, ತೊಂಬತ್ತೆಂಟು ಬರಬೇಕಿತ್ತು ಎಂದು ಆಮೇಲೂ ಎರಡು ದಿನ ಜಗಳವಾಡಿದಳು.

ಒಡೀಲಿಯೆ ಬರೆದದ್ದು ನಾಲ್ಕು ಪುಟವಾಯಿತು. ಪರದೆಗೆ ಬಾಗಿಲು ಯಾವುದು, ಗುಟ್ಟು ಎಲ್ಲಿರುತ್ತದೆ, ಅದನ್ನು ಗೆಳೆಯರಿಗೆ ಯಾಕೆ ಕೊಡಬಾರದು, ಎದ್ದುಹೋಗುವಾಗ ಏನು ಮಾಡಬೇಕು, ಎಲ್ಲವೂ ಅಜ್ಜಿಗೂ ಅರ್ಥವಾಗುವ ಮಾತಿನಲ್ಲಿ. ದೊನ್ ಎಲಾದಿಯೊ ಕೆಂಪು ಪೆನ್ನು ಹಿಡಿದು ಕೂತು, ಒಂದೇ ಒಂದು ಅಲ್ಪವಿರಾಮ ತಿದ್ದಿ, ಆಮೇಲೆ ಅದನ್ನೂ ಹೊಡೆದುಹಾಕಿ ಮರಳಿಸಿದರು. ಆ ನಾಲ್ಕು ಪುಟಗಳನ್ನು ಕಾರ್ತಾಗೊದ ಎರಡು ಕಾಲೇಜಿನವರು ಬಂದು ಕೇಳಿ ಒಯ್ದರು. ಜುಲೈ ತಿಂಗಳ ಸಂಬಳದ ಕಾಗದದಲ್ಲಿ ‘ಸ್ವಚ್ಛತೆ’ ಎಂಬ ಮಾತಿನ ಜಾಗದಲ್ಲಿ ‘ಕಂಪ್ಯೂಟರ್ ಹಾಲಿನ ಆಡಳಿತ’ ಎಂದಿತ್ತು. ಅವಳು ಅದನ್ನು ಮಡಚಿ ನಿಘಂಟಿನೊಳಗೆ ಇಟ್ಟಳು. ಆಗಸ್ಟ್ ಎರಡರಂದು, ನೆಗ್ರೀತಾ ಮಾತೆಯ ಹಬ್ಬಕ್ಕೆ, ಎಲ್ಲರ ಜೊತೆ ಕಾರ್ತಾಗೊದ ಬಸಿಲಿಕಾ ಚರ್ಚಿಗೆ ನಡೆದುಹೋದಾಗ ಬೇಡಲು ಏನೂ ಇರಲಿಲ್ಲ. ಪದಕವನ್ನು ಮುಟ್ಟಿ ಸುಮ್ಮನೆ ಕೂತು ಬಂದಳು. ಒವೀದಿಯೊ ಬಸ್ಸಿನಲ್ಲಿ ಬಿಡುತ್ತೇನೆಂದು ಎಷ್ಟು ಹೇಳಿದರೂ ಹತ್ತಲಿಲ್ಲ.

ಸಮಿತಿ ಕೂತ ಆ ಶುಕ್ರವಾರವೇ ಹಾಲಿನ ಯಂತ್ರಗಳಲ್ಲೆಲ್ಲ ಆ ಸಾಲು ತಿದ್ದಿ, ಹದಿಮೂರು ಪರದೆಗಳ ಹಣೆಯಿಂದ ಚೀಟಿಗಳನ್ನು ಬಿಡಿಸಿದ್ದಳು. ಉಳಿದದ್ದು ಮಹಡಿಯ ಮೇಲಿನದು. ಯಾತ್ರೆಯ ಮಾರನೆಯ ದಿನ ಅವಳು ಹಾಲಿನಲ್ಲಿ ಬಾಗಿಲು ಅಗಲವಾಗಿ ತೆರೆದು, ಅಂಟಿನ ಕಲೆಗಳನ್ನು ಒರೆಸುತ್ತಿದ್ದಾಗ, ಬಾಗಿಲ ಹೊರಗೆ ಹೆಜ್ಜೆಯ ಸದ್ದು ಬಂದು ನಿಂತಿತು. ಯಾರೂ ಒಳಗೆ ಬರಲಿಲ್ಲ.

“ಉಪೆ,” ಎಂದಿತು ದೊನ್ ಎಲಾದಿಯೊ ಅವರ ದಪ್ಪ ದನಿ.

ಅವಳು ತಿರುಗಿ ನೋಡಿದಳು. ಹೊಸ್ತಿಲ ಆಚೆ ಅವರು ನಿಂತಿದ್ದರು. ಒಂದು ಕೈಯ ಬೆರಳ ತುದಿಗೆ, ತಾವೇ ಕಿತ್ತು ತಂದ ಹದಿನಾಲ್ಕನೇ ಚೀಟಿ ಅಂಟಿಕೊಂಡಿತ್ತು. ಇನ್ನೊಂದು ಕೈಯಲ್ಲಿ ಹಬೆಯಾಡುವ ಕಾಫಿ ಲೋಟ. ಒಡೀಲಿಯೆ ಲೋಟವನ್ನು ನೋಡಿದಳು, ಬಾಗಿಲ ಪಕ್ಕದ ತನ್ನ ದುಂಡು ಅಕ್ಷರದ ಬರಹವನ್ನು ನೋಡಿದಳು. ಅವರು ಲೋಟವನ್ನು ಹೊರಗಿನ ಕಟ್ಟೆಯ ಮೇಲಿಟ್ಟು, ಮತ್ತೆ ಬಂದು ಹೊಸ್ತಿಲ ಬಳಿ ಕಾದು ನಿಂತರು.

“ಬನ್ನಿ ಒಳಗೆ,” ಎಂದಳು ಅವಳು.